ಸಾಹುಕಾರರಿಗೆ ಸರತಿ ಇಲ್ಲ

ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ದಾಲ್ ಮಿಲ್ಲಿನಲ್ಲಿ ಯಾರ ಕೈಕೆಳಗೆ ಯಾರು ಎಂಬುದನ್ನು ಈಗ ಕಂಪ್ಯೂಟರ್ ತೀರ್ಮಾನಿಸಿದೆ. ಬೆಂಗಳೂರಿನ ಸಲಹೆಗಾರರು ಬಂದು ಸಿಮ್ಯುಲೇಷನ್, ಅಂದರೆ ಕಂಪ್ಯೂಟರಿನೊಳಗೊಂದು ನಕಲು, ಮಾಡಿ ಇಡೀ ಮಿಲ್ಲನ್ನು ಪರದೆ ಮೇಲೆ ಓಡಿಸಿದರು. ಲಾರಿ ಬಂತು, ಹಮಾಲರು ಚೀಲ ಇಳಿಸಿದರು, 2019ರಲ್ಲಿ ಜಿಐ ಟ್ಯಾಗ್ ಪಡೆದ ನಮ್ಮ ತೊಗರಿ ಎಮರಿ ರೋಲೆಂಬ ಒರಟು ಉರುಳೆಗೆ ಸಿಕ್ಕು ಗೀರು ಬೀಳಿಸಿಕೊಂಡು, ಎಣ್ಣೆ ಹಚ್ಚಿಸಿಕೊಂಡು ಅಂಗಳಕ್ಕೆ ಬಿತ್ತು. ಅಲ್ಲಿ ಕಾಳು ಹರವಿ ಮಗುಚುವ ಹೆಣ್ಣುಮಕ್ಕಳು ಆರು ನೀಲಿ ಚುಕ್ಕಿ. ಮೇ ತಿಂಗಳ ಮಧ್ಯಾಹ್ನ ಎರಡಕ್ಕೂ ಚುಕ್ಕಿಗಳ ವೇಗ ಇಳಿಯಲಿಲ್ಲ. ಕಲಬುರಗಿ ಬಿಸಿಲಿಗೆ ಸಾಫ್ಟ್‌ವೇರಿನೊಳಗೆ ಪ್ರವೇಶವಿಲ್ಲ.

ಆದರೂ ಮೊದಲ ಓಟದಲ್ಲಿ ಕಂಪ್ಯೂಟರ್ ನಿಜ ಹೇಳಿಬಿಟ್ಟಿತು, ಪಾಪ. ಕೆಲಸ ನಿಲ್ಲುವುದು ಮಷೀನಿನಲ್ಲಲ್ಲ, ಸಾಹುಕಾರರ ಟೇಬಲ್ಲಿನಲ್ಲಿ. ಬೆಲ್ಟ್ ಹರಿದರೂ ಅವರ ಸಹಿ, ಬಾರದಾನ ಅಂದರೆ ಖಾಲಿ ಚೀಲ ತರಲಿಕ್ಕೂ ಅವರ ಸಹಿ. ಚೀಟಿ ಬರುವುದಕ್ಕೂ ಸಹಿ ಬೀಳುವುದಕ್ಕೂ ಹೊತ್ತುಗೊತ್ತಿಲ್ಲದ ಕಡೆ ಸರತಿಯ ಗಣಿತ ಬಲು ನಿರ್ದಯಿ: ಸಹಿ ಹಾಕುವವರ ಹೊತ್ತು ಶೇ 80 ತುಂಬಿದ್ದರೆ ಸರಾಸರಿ 4 ಚೀಟಿ ಬಿದ್ದಿರುತ್ತವೆ, ಶೇ 90 ತುಂಬಿದರೆ 9, ಶೇ 95ಕ್ಕೆ 19. ಸಣ್ಣ ಖರ್ಚಿಗೆ ಸ್ಟೋರ್‌ಕೀಪರ್ ಸಹಿ ಸಾಕೆಂದು ಪರದೆ ಮೇಲೆ ಮಾಡಿ ನೋಡಿದರು. ಸರತಿ ಕರಗಿತು.

"ನನ್ನ ಸಹಿಗೆ ಎಷ್ಟು ಹೊತ್ತು ಹಿಡೀತದಂತ ಬರದೀರಿ?"

"ಎರಡು ದಿನ, ಸರ್."

"ಸೊನ್ನಿ ಬರೀರಿ. ನಾ ಲೇಟ್ ಮಾಡಂಗಿಲ್ಲ."

ಸೊನ್ನೆ ಬರೆದರು. ಎರಡನೇ ಓಟದಲ್ಲಿ ತಪ್ಪೆಲ್ಲ ಆರು ಚುಕ್ಕಿಗಳ ತಲೆಗೆ ಬಂತು. ಚುಕ್ಕಿಗಳ ಮೇಲೆ ಮೂವರು ಸೂಪರ್‌ವೈಸರ್, ಅವರ ಮೇಲೆ ಇಬ್ಬರು ಜನರಲ್ ಮ್ಯಾನೇಜರ್: ಒಬ್ಬ ಮಗ, ಒಬ್ಬ ಅಳಿಯ.

1972ರಲ್ಲೇ ಕೊಹೆನ್, ಮಾರ್ಚ್, ಓಲ್ಸೆನ್ ಎಂಬ ಮೂವರು ವಿದ್ವಾಂಸರು, ಸಂಸ್ಥೆಗಳು ಹೇಗೆ ತೀರ್ಮಾನಕ್ಕೆ ಬರುತ್ತವೆಂದು ಕಂಪ್ಯೂಟರ್ ಭಾಷೆಯಾದ ಫೋರ್ಟ್ರಾನ್‌ನಲ್ಲಿ ಸಿಮ್ಯುಲೇಷನ್ ಬರೆದು, ಆ ಮಾದರಿಗೆ ಕಸದ ಬುಟ್ಟಿ ಎಂದೇ ಹೆಸರಿಟ್ಟಿದ್ದರು. ಅದರಲ್ಲಿ ಪರಿಹಾರಗಳು ಮೊದಲೇ ಹುಟ್ಟಿ, ತಮಗೊಂದು ಸಮಸ್ಯೆ ಹುಡುಕುತ್ತ ತಿರುಗುತ್ತಿರುತ್ತವೆ. ನಮ್ಮ ಮಿಲ್ಲಿನ ಪರಿಹಾರ ಪುಣೆಯಲ್ಲಿ ಎಂಬಿಎ ಮುಗಿಸಿ ಮನೆಗೆ ಬಂದು ಕೂತಿತ್ತು.

ಹೋದ ವಾರ ಬೆಲ್ಟ್ ಹರಿಯಿತು. ಚೀಟಿ ಸೂಪರ್‌ವೈಸರ್, ಮಗ, ಅಳಿಯ ಎಲ್ಲರನ್ನೂ ದಾಟಿ ಸಾಹುಕಾರರ ಟೇಬಲ್ ಮುಟ್ಟಿದೆ. ಅವರು ಮದುವೆಗೆಂದು ಹೈದರಾಬಾದಿನಲ್ಲಿದ್ದಾರೆ. ಸಲಹೆಗಾರರಿಗೆ ಫೋನ್ ಹಚ್ಚಿದರೆ, ಬೆಲ್ಟ್ ಹರಿಯುವುದನ್ನೂ ಲೆಕ್ಕಕ್ಕೆ ಸೇರಿಸಬೇಕಾದರೆ ಬೇರೆ ಬಿಲ್ ಆಗುತ್ತದೆ ಎಂದರು. ಆ ಬಿಲ್ಲಿಗೂ ಸಾಹುಕಾರರ ಸಹಿ ಬೇಕು.