ಗರಾಜಿನ ನಲ್ಲಿ

ಒಹಾಯೋದ ಕೊಲಂಬಸ್‌ನಲ್ಲಿರುವ ನಮ್ಮ ಮನೆಯ ಗರಾಜಿನಲ್ಲಿ ಒಂದು ಫ್ರಿಜ್ಜಿದೆ. ಅದರ ಬಾಗಿಲಿಗೆ ಎರಡು ನಲ್ಲಿಗಳಿವೆ. ನೋಡಿದವರೆಲ್ಲ ಎಷ್ಟಾಯಿತು ಅಂತ ಕೇಳುತ್ತಾರೆ. 50 ಡಾಲರ್ ಎನ್ನುತ್ತೇನೆ. ಸುಳ್ಳಲ್ಲ, ಫ್ರಿಜ್ಜಿಗೆ ಕೊಟ್ಟಿದ್ದು ಅಷ್ಟೇ. ಅದೂ ಮೊದಲನೇ ಫ್ರಿಜ್ಜಿಗೆ.

ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ಕಾನೂನೂ ನನ್ನ ಪರವಾಗಿಯೇ ಇದೆ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯ ಪ್ರಕಾರ, ಮನೆಯಲ್ಲಿ ಇಬ್ಬರು ದೊಡ್ಡವರಿದ್ದರೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ಮಾಡಿಕೊಳ್ಳಬಹುದು. ಮಾರುವಂತಿಲ್ಲ ಅಷ್ಟೇ. ನನ್ನ ಹೆಂಡತಿ ಬಿಯರ್ ಮುಟ್ಟುವುದಿಲ್ಲ. ಹಾಗಾಗಿ ಅವಳ ಪಾಲಿನ 100 ಗ್ಯಾಲನ್ ಜವಾಬ್ದಾರಿಯೂ ನನ್ನ ತಲೆಗೇ ಬಂದಿದೆ.

ಬೇಜಾರಿನ ಕೆಲಸ ಅಂದರೆ ಬಾಟಲಿ. ಒಂದು ಸಲ ಬಿಯರ್ ಮಾಡಿದರೆ ಐವತ್ತು ಬಾಟಲಿ ತೊಳೆಯಬೇಕು. ಅದರ ಬದಲು ಕೆಗ್ಗಿಗೆ, ಅಂದರೆ ಉಕ್ಕಿನ ಪೀಪಾಯಿಗೆ ತುಂಬಿ, ಹಳೇ ಫ್ರಿಜ್ಜಿನಲ್ಲಿಟ್ಟು, ನಲ್ಲಿ ಹಾಕಿಬಿಟ್ಟರೆ? ಹಿಂದೆ ಕೂಲ್‌ಡ್ರಿಂಕ್ ಕಂಪನಿಗಳು ಸಿರಪ್ ತುಂಬಿ ಕಳಿಸುತ್ತಿದ್ದ ಕೆಗ್ಗುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. 5 ಗ್ಯಾಲನ್, ಅಂದರೆ 19 ಲೀಟರ್, 40 ಪೈಂಟ್. ಪಬ್ಬಿನಲ್ಲಿ ಒಂದು ಪೈಂಟಿಗೆ 7 ಡಾಲರ್. ಎಕ್ಸೆಲ್ ಶೀಟಿನಲ್ಲಿ ಲಾಭವೋ ಲಾಭ. ಆ ಶೀಟನ್ನು ಆಮೇಲೆ ನಾನು ತೆರೆದಿಲ್ಲ.

ಮೊದಲ ಫ್ರಿಜ್ಜಿನ ಪಕ್ಕಕ್ಕೆ ಡ್ರಿಲ್ ಇಟ್ಟೆ. ಅರ್ಧ ಇಂಚು ಒಳಗೆ ಹೋಗುತ್ತಲೇ 'ಸುಯ್' ಅಂತ ಸದ್ದು. ಫ್ರಿಜ್ಜಿನ ಗ್ಯಾಸ್ ಓಡಾಡುವ ಪೈಪು ಕೆಲವು ಮಾಡೆಲ್‌ಗಳಲ್ಲಿ ಪಕ್ಕದ ತಗಡಿನ ಹಿಂದೆಯೇ ಇರುತ್ತದೆ ಅನ್ನುವುದು ಆ ಸದ್ದಿನಿಂದ ಗೊತ್ತಾಯಿತು. ಬೀರು ತಣ್ಣಗಿಡಲು ತಂದ ಫ್ರಿಜ್ಜು ಎರಡೇ ನಿಮಿಷದಲ್ಲಿ ಬೀರುವಾಯಿತು. ಈಗ ಅದರಲ್ಲಿ ಚಳಿಗಾಲದ ರಗ್ಗುಗಳಿವೆ.

ಎರಡನೇ ಫ್ರಿಜ್ಜು ಬಂದ ವಾರವೇ ಮೈಸೂರಿನಿಂದ ಅತ್ತೆಯೂ ಬಂದರು. ಈ ಸಲ ನಾನು ಹುಷಾರು. ಕಾರ್ನ್‌ಫ್ಲೋರನ್ನು ಸ್ಪಿರಿಟ್ಟಿನಲ್ಲಿ ಕಲಸಿ ಫ್ರಿಜ್ಜಿಗೆಲ್ಲ ಬಳಿದು, ಸ್ವಿಚ್ ಹಾಕಿ ಕಾದು ಕುಳಿತೆ. ಒಳಗೆ ಬಿಸಿ ಪೈಪು ಹಾದುಹೋಗುವ ಕಡೆ ಬೇಗ ಒಣಗಿ ಬಿಳೀ ಗೆರೆ ಮೂಡುತ್ತದೆ.

"ಇದೇನು, ಫ್ರಿಜ್ಜಿಗೆ ರಂಗೋಲಿ ಹಾಕ್ತಿದ್ದೀರಾ?" ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಇಲ್ಲ ಅತ್ತೆ, ತೂತು ಕೊರೀಬೇಕು. ಪೈಪ್ ಎಲ್ಲೆಲ್ಲಿದೆ ನೋಡ್ತಿದ್ದೀನಿ."

"ಬಾಗಿಲಲ್ಲೂ ಪೈಪ್ ಇರುತ್ತಾ?"

ಇರಲ್ಲ. ಬಾಗಿಲಲ್ಲಿ ಬರೀ ಫೋಮು. ರಂಗೋಲಿ ಒರೆಸಿ ಬಾಗಿಲಿಗೇ ಕೊರೆದೆ. ತೂತು ಓರೆಯಾಯಿತು. ಸಮಾಧಾನಕ್ಕೆ ಪಕ್ಕದಲ್ಲಿ ಇನ್ನೊಂದು ಕೊರೆದೆ. ನಲ್ಲಿ ಎರಡಾಗಿದ್ದು ಹಾಗೆ. ಇದೆಲ್ಲ ಯಾತಕ್ಕೆ ಅಂತ ಅತ್ತೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅತ್ತೆ-ಅಳಿಯರ ನಡುವಿನ ಮರ್ಯಾದೆ ಅಂದರೆ ಇದೇ ಅಲ್ವಾ?

ಶುಕ್ರವಾರ ರಾತ್ರಿ, ಬಿಯರಿಗೆ ಗ್ಯಾಸ್ ಹಿಡಿಸಿ ನಲ್ಲಿಗೆ ತಳ್ಳಲಿ ಅಂತ, ಕೆಗ್ಗಿಗೆ 5 ಪೌಂಡಿನ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಜೋಡಿಸಿ, ರೆಗ್ಯುಲೇಟರನ್ನು 12 ಪಿಎಸ್‌ಐ ಪ್ರೆಶರಿಗೆ ತಿರುಗಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಮುಳ್ಳು ಸೊನ್ನೆಯಲ್ಲಿತ್ತು. ಓಡಿಹೋಗಿ ತುಂಬಿಸಿಕೊಂಡು ಬಂದೆ. ಭಾನುವಾರ ಮತ್ತೆ ಸೊನ್ನೆ. ಮೂರನೇ ಸಲ ಸಿಲಿಂಡರ್ ಹೊತ್ತು ತಂದಾಗ ಅತ್ತೆ ಒಂದು ಸ್ಟೀಲ್ ಬಟ್ಟಲು ಹಿಡಿದು ಗರಾಜಿಗೇ ಬಂದುಬಿಟ್ಟರು. ಬಟ್ಟಲಲ್ಲಿ ಸೋಪಿನ ನೀರು. ಬೆರಳಲ್ಲಿ ಅದ್ದಿ ರೆಗ್ಯುಲೇಟರಿನ ನಟ್ಟಿಗೆ ಸವರಿದರು. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಗ್ಗರಣೆಯ ಹಾಗೆ ಚಟಪಟ ಎದ್ದವು.

"ಒಳಗೆ ವಾಷರ್ ಇದೆಯಾ?"

ಇರಲಿಲ್ಲ. ರೆಗ್ಯುಲೇಟರಿನ ಡಬ್ಬಿಯಲ್ಲಿ ಪುಟ್ಟ ಪ್ಲಾಸ್ಟಿಕ್ ಕವರೊಂದಿತ್ತು. ಅದರಲ್ಲಿದ್ದ ಬಿಳೀ ಬಿಲ್ಲೆಯನ್ನು ನಾನು ಸ್ಪೇರ್ ಅಂದುಕೊಂಡು ಡ್ರಾಯರಿಗೆ ಹಾಕಿದ್ದೆ.

"ಅಲ್ರೀ, ಸಿಲಿಂಡರ್ ಬಂದ ತಕ್ಷಣ ವಾಷರ್ ನೋಡ್ಬೇಕಲ್ವಾ?" ಅಂದರು ಅತ್ತೆ. ಮೈಸೂರಿನಲ್ಲಿ ಗ್ಯಾಸಿನ ಹುಡುಗನನ್ನು ಬಾಗಿಲಲ್ಲೇ ನಿಲ್ಲಿಸಿ ಇದೇ ಪರೀಕ್ಷೆ ಮಾಡಿಸುತ್ತಾ ಬಂದವರು. ಎಂಜಿನಿಯರಿಂಗ್ ಡಿಗ್ರಿ ಇರುವ ಅಳಿಯನನ್ನು ಅವತ್ತು ಆ ಹುಡುಗನನ್ನು ನೋಡುವ ಹಾಗೇ ನೋಡಿದರು.

ಗ್ಯಾಸ್ ಸೋರುವುದು ನಿಂತಿತು. ವಾರ ಬಿಟ್ಟು ಗೆಳೆಯರನ್ನು ಕರೆದೆ. ಗ್ಲಾಸು ಹಿಡಿದು ನಲ್ಲಿ ಎಳೆದರೆ ಬರೀ ನೊರೆ. ಐದು ನಿಮಿಷ ಕಾದರೆ ತಳದಲ್ಲಿ ಎರಡು ಬೆರಳಷ್ಟು ಬಿಯರ್. ಗೆಳೆಯರು ಸಭ್ಯರು, ಬಣ್ಣ ಚೆನ್ನಾಗಿದೆ ಎಂದು ಹೊಗಳಿದರು. ಮಾರನೇ ದಿನ ಪ್ರೆಶರ್ ಇಳಿಸಿ ನೋಡಿದೆ, ನಲ್ಲಿ ಬಿಚ್ಚಿ ತೊಳೆದೆ, ಫ್ರಿಜ್ಜು ಇನ್ನಷ್ಟು ತಣ್ಣಗೆ ಮಾಡಿದೆ. ನೊರೆ ಮಾತ್ರ ಜಗ್ಗಲಿಲ್ಲ.

ಅತ್ತೆ ಲೋಟದಿಂದ ಲೋಟಕ್ಕೆ ಕಾಫಿ ಎತ್ತಿ ಹೊಯ್ಯುತ್ತಾ ಹೇಳಿದರು: "ನೊರೆ ಬೇಕು ಅಂದ್ರೆ ಹೀಗೆ ರಭಸವಾಗಿ ಹೊಯ್ತೀವಿ. ನಿಮ್ಮದಕ್ಕೆ ನೊರೆ ಬೇಡ ತಾನೆ? ಮತ್ತೆ ಅದು ಅಷ್ಟು ರಭಸವಾಗಿ ಯಾಕೆ ಬರ್ತಿದೆ?"

ಆಗ ನೆನಪಾಯಿತು. ಕೆಗ್ಗಿನಿಂದ ನಲ್ಲಿಗೆ ಹೋಗುವ ಪೈಪು ಬಂದಾಗ 10 ಅಡಿ ಇತ್ತು. ಒಳಗೆ ಹಾವಿನ ಹಾಗೆ ಸುತ್ತಿಕೊಂಡಿದ್ದು ಅಸಹ್ಯ ಕಂಡು, ನಾಲ್ಕೇ ಅಡಿ ಉಳಿಸಿ ಕತ್ತರಿಸಿದ್ದೆ. ಉದ್ದನೆಯ ಸಣ್ಣ ಪೈಪಿನಲ್ಲಿ ಉಜ್ಜಿಕೊಂಡು ಬರುವಾಗ ಬಿಯರಿನ ಪ್ರೆಶರ್ ನಿಧಾನಕ್ಕೆ ಇಳಿಯುತ್ತದೆ, ಗ್ಯಾಸ್ ಒಳಗೇ ಉಳಿಯುತ್ತದೆ. ಗಿಡ್ಡ ಪೈಪಿನಲ್ಲಿ ಅದು ನುಗ್ಗಿ ಬರುತ್ತದೆ. ಗ್ಯಾಸೆಲ್ಲ ನಲ್ಲಿಯ ಬಾಯಲ್ಲೇ ಬಿಟ್ಟುಕೊಂಡು ಗ್ಲಾಸಿನ ತುಂಬ ನೊರೆ. ಹೊಸ ಪೈಪು ಹಾಕಿದೆ. ಅಂತೂ ನೊರೆ ಒಂದು ಬೆರಳಿಗೆ ಇಳಿಯಿತು.

ಇನ್ನೊಂದು ನಲ್ಲಿ ಸುಮ್ನೆ ಇತ್ತಲ್ಲ, ಅತ್ತೆಯ ಋಣ ತೀರಿಸೋಣ ಅಂತ ಎರಡನೇ ಕೆಗ್ಗಿಗೆ ಬರೀ ನೀರು ತುಂಬಿದೆ. ಸೋಡಾಗೆ ಪ್ರೆಶರ್ 30ರ ಹತ್ತಿರ ಬೇಕು, ಪೈಪು ಇನ್ನೂ ಉದ್ದ ಬೇಕು. ಅದಕ್ಕಾಗಿ ಇನ್ನೊಂದು ರೆಗ್ಯುಲೇಟರ್. (ಎಕ್ಸೆಲ್ ಶೀಟಿನ ವಿಷಯ ಎತ್ತಬೇಡಿ.) ಅತ್ತೆ ಅದಕ್ಕೆ ನಿಂಬೆಹಣ್ಣು ಹಿಂಡಿ, ಉಪ್ಪು, ಚಿಟಿಕೆ ಜೀರಿಗೆ ಪುಡಿ ಹಾಕಿ ಕೊಟ್ಟರು. ಬೀದಿಯ ಕನ್ನಡದವರಿಗೆಲ್ಲ ಸುದ್ದಿ ಹೋಯಿತು. ಆ ಬೇಸಿಗೆಯಲ್ಲಿ ಸೋಡಾ ಕೆಗ್ಗು ನಾಲ್ಕು ಸಲ ಖಾಲಿಯಾಯಿತು. ಬಿಯರ್ ಒಂದೇ ಸಲ.

ಅತ್ತೆ ಊರಿಗೆ ಹೋಗಿ ಮೂರು ತಿಂಗಳಾಯಿತು. ಭಾನುವಾರ ವಿಡಿಯೋ ಕಾಲಿನಲ್ಲಿ ಮಗಳು, ಮೊಮ್ಮಗಳು ಎಲ್ಲರೂ ಮಾತಾಡಿದ ಮೇಲೆ ಫೋನು ನನ್ನ ಕೈಗೆ ಬರುತ್ತದೆ.

"ಗ್ಯಾಸ್ ಇದೆಯಾ, ಮುಗೀತಾ?"