ಎಲ್ಲ ಕುದುರೆಗೋಸ್ಕರ ಕಣ್ರೀ

ಶನಿವಾರ ಬೆಳಿಗ್ಗೆ ಮಗಳಿಗೆ ಕುದುರೆ ಸವಾರಿ ಪಾಠ. ಕುದುರೆ ನಮ್ಮದಲ್ಲ, ಲಾಯದವರದ್ದು. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಹತ್ತಿಸುತ್ತೇವೆ. ಅವಳು ಬೇಲಿಯೊಳಗೆ ಗುಂಡಗೆ ಸುತ್ತುತ್ತಿರುತ್ತಾಳೆ. ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಫ್ಲಾಸ್ಕಿನ ಕಾಫಿ ಕುಡಿಯುತ್ತಾ, ಅಲ್ಲಿಗೆ ಬರುವ ಸವಾರರ ಮಾತಿಗೆ ಕಿವಿ ಕೊಡುತ್ತಿರುತ್ತೇನೆ. ಇದು ಕ್ಯಾಲಿಫೋರ್ನಿಯಾದ ಆಬರ್ನ್ ಹತ್ತಿರ, ಸಿಯೆರಾ ಬೆಟ್ಟಗಳ ತಪ್ಪಲು. ಮೈಸೂರಿನ ಟಾಂಗಾ, ದಸರಾ ಮೆರವಣಿಗೆಯ ಕುದುರೆ ಪೊಲೀಸರು, ಇಷ್ಟೇ ಕುದುರೆ ಬಗ್ಗೆ ನನಗಿದ್ದ ಜ್ಞಾನ. ಎರಡು ವರ್ಷ ಆ ಕುರ್ಚಿಯಲ್ಲಿ ಕೂತು ಈಗ ಅರ್ಧ ಪಂಡಿತನಾಗಿದ್ದೇನೆ. ಕುದುರೆ ಹತ್ತುವ ಯೋಚನೆ ಮಾತ್ರ ಇಲ್ಲ. ಕುದುರೆ ಕಂಡರೆ ಕಾಲು ನೋವು ಅಂತಾರಲ್ಲ, ಆ ಜಾತಿ ನನ್ನದು.

ಮೊದಲ ಸಲ 'ಟ್ರೀಲೆಸ್' ಅನ್ನುವ ಮಾತು ಕಿವಿಗೆ ಬಿದ್ದಾಗ ನಾನು ಯಾವುದೋ ರಸ್ತೆ ಅಗಲ ಮಾಡುವ ವಿಷಯ ಅಂದುಕೊಂಡೆ. ಹತ್ತು ವರ್ಷ ಬೆಂಗಳೂರಿನಲ್ಲಿದ್ದವನಿಗೆ ಮರ ಇಲ್ಲ ಅಂದರೆ ಇನ್ನೇನು ಹೊಳೆಯುತ್ತೆ? ಆಮೇಲೆ ಗೊತ್ತಾಯಿತು, ಅದು ಕುದುರೆಯ ಬೆನ್ನಿಗೆ ಬಿಗಿಯುವ ಜೀನಿನ ಮಾತು. ಜೀನಿನೊಳಗೆ ಒಂದು ಗಟ್ಟಿ ಚೌಕಟ್ಟು ಇರುತ್ತೆ. ಅದಕ್ಕೆ 'ಮರ' ಅಂತಲೇ ಹೆಸರು. ಸವಾರನ ತೂಕವನ್ನು ಕುದುರೆಯ ಬೆನ್ನುಮೂಳೆಯ ಎರಡೂ ಬದಿಗೆ ಹಂಚುವುದು, ಮೂಳೆಯ ಮೇಲೆ ಗಾಳಿಯಾಡುವಷ್ಟು ಜಾಗ ಬಿಡುವುದು ಅದರ ಕೆಲಸ. ಈಗ ಎಷ್ಟೋ ಜೀನುಗಳಲ್ಲಿ ಆ ಮರವೂ ಮರದ್ದಲ್ಲ. ಪ್ಲಾಸ್ಟಿಕ್ಕಿನದ್ದು, ಇಲ್ಲವೇ ಫೈಬರ್‌ಗ್ಲಾಸಿನದ್ದು. ಈ ಚೌಕಟ್ಟನ್ನೇ ಕಿತ್ತುಹಾಕಿ ಮೆತ್ತಗೆ ಹೊಲಿದದ್ದು ಮರವಿಲ್ಲದ ಜೀನು. ಅಂದರೆ ಪ್ಲಾಸ್ಟಿಕ್ ತೆಗೆದರೂ ಕಡಿದದ್ದು ಮರವನ್ನೇ.

ಇದರಲ್ಲಿ ನಗುವಂಥದ್ದೇನೂ ಇಲ್ಲ. ಅವರವರ ಜೀನು, ಅವರವರ ದುಡ್ಡು. ನಗು ಬರುವುದು ಯಾಕೆ ಬದಲಾಯಿಸಿದಿರಿ ಅಂತ ಕೇಳಿದಾಗ. ನಾನು ಬಂದವರನ್ನೆಲ್ಲ ಕೇಳಿದ್ದೇನೆ. ಕಾಫಿ ಕೊಟ್ಟು ಕೇಳಿದ್ದೇನೆ. ಹತ್ತರಲ್ಲಿ ಒಂಬತ್ತು ಜನ ಮೊದಲು ಹೇಳುವ ಮಾತು ಒಂದೇ.

"ಕುದುರೆಗೋಸ್ಕರ."

ಇದನ್ನು ಹೇಳುವಾಗ ದನಿ ಸ್ವಲ್ಪ ಇಳಿಯುತ್ತೆ. ಕೈ ಎದೆಯ ಹತ್ತಿರ ಹೋಗುತ್ತೆ. ಕುದುರೆ ಹಿಂದೆ ನಿಂತು ಬಾಲದಲ್ಲಿ ನೊಣ ಹೊಡೆದುಕೊಳ್ಳುತ್ತಿರುತ್ತೆ. ಅದರ ಅಭಿಪ್ರಾಯ ಯಾರೂ ಕೇಳಿಲ್ಲ.

ಒಬ್ಬ ದೊಡ್ಡ ಗಡ್ಡದ ಮಹಾಶಯರಿದ್ದಾರೆ. ಅವರ ಕುದುರೆ ಒಮ್ಮೆ ಎಡವಿತು. ಜೀನು ಬದಲಾಯಿಸಿದರು. ಮತ್ತೆ ಎಡವಿತು. ಇನ್ನೊಂದು ಜೀನು ತಂದರು. ಹೀಗೆ ಐದು ಜೀನು ಆಯಿತು. ಐದಕ್ಕೂ ಒಳಗಿನ ಮರವೇ ತಪ್ಪು ಅಂತ ತೀರ್ಮಾನ ಮಾಡಿ ಆರನೆಯದನ್ನು ಮರವಿಲ್ಲದ್ದೇ ತಂದರು. ಅವರು ಕೂತಿರುವುದನ್ನು ನಾನು ನೋಡಿದ್ದೇನೆ. ಪೂರ್ತಿ ಬಲಕ್ಕೆ ವಾಲಿಕೊಂಡು, ಬಸ್ಸಿನ ಕಿಟಕಿಯಲ್ಲಿ ತಲೆ ಹಾಕಿ ಊರು ಬಂತಾ ಅಂತ ನೋಡುವವರ ಹಾಗೆ. ಆರು ಜೀನಿನಲ್ಲೂ ಅದೇ ವಾಲು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲದ ಬದಲು ಜೀನು, ಅಷ್ಟೇ ವ್ಯತ್ಯಾಸ. ಕೂತವರ ಸೊಂಟ ಸೊಟ್ಟಗಿದ್ದರೆ ಜೀನಿಗೆ ಬರೆ.

ಎರಡನೇ ಕಾರಣ ಪ್ರಕೃತಿ. ಇದು ಬರೀ ಜೀನಿನ ವಿಷಯ ಅಲ್ಲ, ಒಂದು ಪೂರ್ತಿ ಜೀವನಶೈಲಿ. ಮೊದಲು ಲಾಳ ತೆಗೆದರು. ಕುದುರೆ ಬರಿಗಾಲಲ್ಲಿರಬೇಕು, ಅದು ಸಹಜ. ಆಮೇಲೆ ಬಾಯಿಯ ಕಬ್ಬಿಣ ತೆಗೆದರು. ಈಗ ಮರ. ಕುದುರೆಯ ಮೈಮೇಲಿಂದ ಅಸಹಜ ಅನ್ನುವುದನ್ನೆಲ್ಲ ಒಂದೊಂದಾಗಿ ತೆಗೆಯುತ್ತಾ ಬಂದಿದ್ದಾರೆ, ಎಂಬತ್ತು ಕೆಜಿಯ ಒಂದೇ ಒಂದು ವಸ್ತು ಬಿಟ್ಟು. ಆ ವಸ್ತು ಮೇಲೆ ಕೂತು ಪ್ರಕೃತಿಯ ಬಗ್ಗೆ ಮಾತಾಡುತ್ತಿರುತ್ತೆ.

ಪ್ರಕೃತಿ ಪಕ್ಷದವರು ಮರವಿಲ್ಲದ ಜೀನನ್ನು ಹೊಸ ಕ್ರಾಂತಿ ಅನ್ನುತ್ತಾರೆ. ಹೊಸದೇನೂ ಅಲ್ಲ. ಸೈಬೀರಿಯಾದ ಆಲ್ಟಾಯ್ ಬೆಟ್ಟಗಳ ಪಾಜಿರಿಕ್ ಸಮಾಧಿಗಳಲ್ಲಿ ಮಂಜುಗಟ್ಟಿ ಉಳಿದಿದ್ದ ಜೀನುಗಳು ಸಿಕ್ಕಿವೆ. ಎರಡು ಸಾವಿರ ವರ್ಷಕ್ಕೂ ಹಳೆಯವು. ಚರ್ಮ, ಉಣ್ಣೆ ಹಾಸಿನ ಮೆತ್ತನೆಯ ದಿಂಬುಗಳು. ಜನ ಶತಮಾನಗಟ್ಟಲೆ ದಿಂಬಿನ ಮೇಲೆ ಕೂತು ನೋಡಿ, ಕುದುರೆಯ ಬೆನ್ನು ಹಾಳಾಗುವುದನ್ನೂ ನೋಡಿ, ಆಮೇಲೆ ತಾನೇ ಮರ ಹಾಕಿದ್ದು? ಇನ್ನು ಗ್ರೀಸಿನ ಕ್ಸೆನೊಫೋನ್, ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಸೈನಿಕ, ಪರ್ಷಿಯನ್ನರನ್ನು ಆಡಿಕೊಂಡಿದ್ದ. ಇವರು ಹಾಸಿಗೆಗಿಂತ ಜಾಸ್ತಿ ಬಟ್ಟೆ ಕುದುರೆಯ ಮೇಲೆ ಹಾಸುತ್ತಾರೆ, ಸವಾರಿಗಿಂತ ಮೆತ್ತಗೆ ಕೂರುವುದೇ ಇವರಿಗೆ ಮುಖ್ಯ ಅಂತ. ಪುಣ್ಯಾತ್ಮ ನಮ್ಮ ಲಾಯದ ಪಕ್ಕ ಕುರ್ಚಿ ಹಾಕಿಕೊಂಡು ಬರೆದ ಹಾಗಿದೆ.

ಅಮೆರಿಕದ ಸೈನ್ಯದವರು ಇದಕ್ಕೆ ಪೂರ್ತಿ ಉಲ್ಟಾ ಇದ್ದರು. 1859ರಲ್ಲಿ ಒಪ್ಪಿಕೊಂಡ ಮೆಕ್ಲೆಲನ್ ಜೀನಿನಲ್ಲಿ ಮರ ಬಿಟ್ಟರೆ ಬೇರೇನೂ ಇಲ್ಲ ಅನ್ನಬಹುದು. ಮರದ ಚೌಕಟ್ಟು, ಅದರ ಮೇಲೆ ಬಿಗಿದ ಹಸಿ ಚರ್ಮ, ನಡುವೆ ಉದ್ದಕ್ಕೆ ಒಂದು ಸಂದು. ಕುದುರೆಯ ಬೆನ್ನುಮೂಳೆಗೆ ಗಾಳಿ, ಸವಾರನಿಗೆ ದೇವರೇ ಗತಿ. ಅದರಲ್ಲಿ ಕೂತವರು ಯಾರೂ ನನಗೆ ಕುದುರೆಯ ಮೇಲೆ ಪ್ರೀತಿ ಅಂತ ಭಾಷಣ ಮಾಡಿದ ಹಾಗೆ ಕಾಣೆ. ಅವರ ಹಿಂಭಾಗವೇ ಸಾಕ್ಷಿ ಹೇಳುತ್ತಿತ್ತು.

ಮೂರನೇ ಕಾರಣ ನನಗೆ ತುಂಬ ಇಷ್ಟ. ಆತ್ಮೀಯತೆ. "ಮರ ಇಲ್ಲದಿದ್ದರೆ ನನಗೂ ಕುದುರೆಗೂ ನಡುವೆ ಗೋಡೆಯೇ ಇಲ್ಲ. ಅದರ ಬೆನ್ನಿನ ಒಂದೊಂದು ಅಲುಗಾಟವೂ ನನಗೆ ಗೊತ್ತಾಗುತ್ತೆ" ಅಂದರು ಒಬ್ಬಾಕೆ, ಕಣ್ಣು ಮುಚ್ಚಿಕೊಂಡು. ಸರಿ ತಾಯಿ. ಆದರೆ ಗೋಡೆ ಬಿದ್ದರೆ ಎರಡೂ ಮನೆಯವರಿಗೆ ಕೇಳಿಸುತ್ತೆ ಅಲ್ವಾ? ನಿಮ್ಮ ಕೂರುವ ಮೂಳೆ ಎರಡೂ ಅದಕ್ಕೆ ಗೊತ್ತಾಗುತ್ತಿರುತ್ತೆ. ಕುದುರೆ ನಡೆಯುವಾಗ ಬೆನ್ನಿಗೆ ಸವಾರನ ತೂಕದಷ್ಟೇ ಭಾರ. ಕುಕ್ಕುಲೋಟದಲ್ಲಿ ಹೆಜ್ಜೆ ಹೆಜ್ಜೆಗೂ ಹೆಚ್ಚುಕಡಿಮೆ ಎರಡರಷ್ಟು ಬೀಳುತ್ತೆ. ಇಂಥ ಆತ್ಮೀಯತೆ ಎಲ್ಲಿಯವರೆಗೆ ಸಹಿಸಿಕೊಳ್ಳಬಹುದು ಅಂತ ಮದುವೆಯಾದವರೆಲ್ಲರಿಗೂ ಗೊತ್ತು.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ಜೀನಿನ ಕೆಳಗೆ ಒತ್ತಡ ಅಳೆಯುವ ಚಾಪೆ ಹಾಸಿ, ಎರಡೂ ಬಗೆಯ ಜೀನು ಹಾಕಿ ಕುಕ್ಕುಲೋಟ ಓಡಿಸಿ, ಫಲಿತಾಂಶವನ್ನು 2012ರಲ್ಲಿ ಪ್ರಕಟಿಸಿದರು. ಮರವಿರುವ ಜೀನಿನಲ್ಲಿ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಿತ್ತು. ಇಲ್ಲದ್ದರಲ್ಲಿ ಒಂದೇ ಕಡೆ ಜಾಸ್ತಿ ಒತ್ತಿತ್ತು. ಪರೀಕ್ಷೆ ಮಾಡಿದ್ದು ಕೆಲವೇ ಕುದುರೆಗಳ ಮೇಲೆ, ಎಲ್ಲ ಜೀನಿಗೂ ಇದೇ ಮಾತು ಅನ್ನೋಕೆ ಆಗಲ್ಲ, ಒಪ್ಪಿದೆ. ಕಣ್ಣು ಮುಚ್ಚಿದ ಆ ತಾಯಿಗೆ ಇದನ್ನು ಹೇಳಿದೆ. ಅವರು ಕಣ್ಣು ತೆರೆದು, ನನ್ನನ್ನು ಪಾಪ ಅನ್ನುವ ಹಾಗೆ ನೋಡಿ, "ನನ್ನ ಕುದುರೆ ನನಗೆ ಹೇಳಿದೆ" ಅಂದರು.

ಚಾಪೆ ಸುಳ್ಳು ಹೇಳಬಹುದು. ಕುದುರೆ ಹೇಳಿದ ಮೇಲೆ ಮುಗಿಯಿತು.

ಹಾಗಂತ ಮರದ ಪಕ್ಷದವರೇನೂ ಕಡಿಮೆಯಿಲ್ಲ. ಜೀನು ಅಳತೆ ತೆಗೆಯುವವರು ಅಂತ ಒಂದು ವೃತ್ತಿಯಿದೆ. ಒಬ್ಬರು ಬಂದು ಅಗಲ ಸಾಲದು ಅಂತಾರೆ. ಮುಂದಿನ ತಿಂಗಳು ಇನ್ನೊಬ್ಬರು ಬಂದು ಅಗಲ ಜಾಸ್ತಿ ಅಂತಾರೆ. ಇಬ್ಬರಿಗೂ ಫೀಸು ಕೊಡಬೇಕು. ಕುದುರೆಯೂ ಸುಮ್ನೆ ಇರಲ್ಲ. ವಸಂತದ ಹಸಿ ಹುಲ್ಲು ಮೇದು ಪೀಪಾಯಿ ಆಗುತ್ತೆ, ಚಳಿಗಾಲಕ್ಕೆ ಇಳಿಯುತ್ತೆ. ಕೆಲಸ ಜಾಸ್ತಿ ಮಾಡಿಸಿದರೆ ಬೆನ್ನಿನ ಮಾಂಸ ತುಂಬಿಕೊಳ್ಳುತ್ತೆ. ಮರ ಮಾತ್ರ ಹೊಲಿಸಿದ ದಿನದ ಅಳತೆಯಲ್ಲೇ ಇರುತ್ತೆ, ಮದುವೆ ಸೂಟಿನ ಹಾಗೆ. ತಪ್ಪು ಅಳತೆಯ ಮರ ಹೆಗಲ ಮೇಲಿನ ದಿಣ್ಣೆಯನ್ನು ಕಚ್ಚಿ ಕಚ್ಚಿ ಅಲ್ಲಿ ಬಿಳಿ ಕೂದಲು ಬರಿಸಿದ್ದನ್ನು ನಾನೇ ನೋಡಿದ್ದೇನೆ. ಸಾವಿರಾರು ಡಾಲರು ಕೊಟ್ಟು ಇದನ್ನೆಲ್ಲ ಅನುಭವಿಸಿದವರು ಮರವೇ ಬೇಡ ಅಂದರೆ ಅದು ನ್ಯಾಯವಾದ ಸಿಟ್ಟು. ಮಗ್ಗುಲ ಮುಳ್ಳಿನ ಸಹವಾಸ ಸಾಕು ಅಂತ ಹೇಳಿ ಹೊರಟರೆ ನಾನೇ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತೇನೆ. ಆದರೆ ಯಾರೂ ಹಾಗೆ ಹೇಳಲ್ಲ. ಅಳತೆಯವರಿಗೆ ದುಡ್ಡು ಸುರಿದು ಸಾಕಾಯಿತು ಅನ್ನುವುದಕ್ಕೂ "ಕುದುರೆಗೋಸ್ಕರ" ಅನ್ನುವ ಅಂಗಿಯನ್ನೇ ತೊಡಿಸುತ್ತಾರೆ.

ಇನ್ನು ಮರ ತೆಗೆದ ಮೇಲಿನ ಕಥೆ. ಜೀನು ಮೆತ್ತಗಾಯಿತು, ಬೆನ್ನುಮೂಳೆಯ ಮೇಲೇ ಕೂತಿತು. ಅದಕ್ಕೆ ಕೆಳಗೊಂದು ವಿಶೇಷ ಹಾಸು ಬೇಕು. ಹಾಸಿನೊಳಗೆ ಗಟ್ಟಿ ಸ್ಪಂಜಿನ ಪಟ್ಟಿ ಬೇಕು, ಮೂಳೆಯ ಎರಡೂ ಬದಿಗೆ. ಪಟ್ಟಿ ಸರಿಯಾಗಿ ಕೂರದಿದ್ದರೆ ತೂರಿಸೋಕೆ ತೆಳು ತುಂಡುಗಳು. ಮುಂದೆ ಜೀನು ಕುಸಿಯಬಾರದು ಅಂತ ಒಂದು ಗಟ್ಟಿ ಕಮಾನು. ಹಿಂದೆ ಇನ್ನೊಂದು. ಅವೂ ಕೆಲವು ಸಲ ಫೈಬರ್‌ಗ್ಲಾಸಿನವು. ಕಾಲಿಡುವ ರಿಕಾಪು ನೇತಾಡುವ ಪಟ್ಟಿ ಒಂದೇ ಕಡೆ ಎಳೆಯಬಾರದು ಅಂತ ಅದಕ್ಕೊಂದು ಅಗಲದ ಆಸರೆ. ಇಷ್ಟೆಲ್ಲ ಸೇರಿಸಿ ದೂರದಿಂದ ನೋಡಿದರೆ ಅದು ಏನು ಅಂತ ನನಗೆ ಅನುಮಾನ. ದೊಡ್ಡ ಮರ ಕಡಿದು, ಅದೇ ಜಾಗದಲ್ಲಿ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವುದನ್ನು ಬೆಂಗಳೂರಿನಲ್ಲಿ ಬಹಳ ನೋಡಿದ್ದೇನೆ.

ಮರ ಇಲ್ಲದ ಜೀನು ದುಂಡು ಮೈಯ ಕುದುರೆಯ ಮೇಲೆ ಜಾರುತ್ತೆ. ನೆಲದಿಂದ ರಿಕಾಪಿಗೆ ಕಾಲಿಟ್ಟು ಹತ್ತಬಾರದು, ಮೆಟ್ಟಿಲ ಮೇಲೆ ನಿಂತು ಹತ್ತಬೇಕು. ನಮ್ಮ ಗಡ್ಡದ ಮಹಾಶಯರಿಗೆ ಇದನ್ನು ಯಾರೋ ಹೇಳಿದ್ದರು. ಅವರು ಕೇಳಿಸಿಕೊಳ್ಳಲಿಲ್ಲ. ಎಡಗಾಲು ಇಟ್ಟರು, ಮೈ ಎತ್ತಿದರು. ಜೀನು ನಿಧಾನವಾಗಿ, ಮರ್ಯಾದೆಯಿಂದ, ಪಕ್ಕಕ್ಕೆ ತಿರುಗಿತು. ಅವರೂ ಜೊತೆಗೇ ತಿರುಗಿದರು. ಒಂದು ಕ್ಷಣ ಕುದುರೆಯ ಹೊಟ್ಟೆಗೆ ಬಾವಲಿಯ ಹಾಗೆ ಅಂಟಿಕೊಂಡಿದ್ದು, ಆಮೇಲೆ ಭೂಮಿಗೆ ಬಂದರು. ಕುದುರೆ ಕತ್ತು ಬಗ್ಗಿಸಿ ಇದೇನು ಅಂತ ಮೂಸಿ ನೋಡಿತು. ಅವರು ಗಡ್ಡದ ಮಣ್ಣು ಒರೆಸಿಕೊಳ್ಳುತ್ತಾ, "ನೋಡಿ, ಇವಳು ಎಷ್ಟು ಶಾಂತವಾಗಿದ್ದಾಳೆ. ಮರ ತೆಗೆದ ಮೇಲೆ ಸ್ವಭಾವವೇ ಬದಲಾಗಿದೆ" ಅಂದರು. ನಾನು ಕಾಫಿ ನುಂಗಲಾಗದೆ ಒದ್ದಾಡಿದೆ.

ಎರಡು ವರ್ಷದಲ್ಲಿ ಒಬ್ಬರೇ ಒಬ್ಬರು ಬೇರೆ ಉತ್ತರ ಕೊಟ್ಟರು. ಎಪ್ಪತ್ತು ದಾಟಿದ ಅಜ್ಜಿ. ಆಬರ್ನ್‌ನಲ್ಲಿ ಮುಗಿಯುವ ಟೆವಿಸ್ ಕಪ್ ಕುದುರೆ ಓಟವನ್ನು ಹರೆಯದಲ್ಲಿ ಮುಗಿಸಿದವರು. 1955ರಿಂದ ನಡೆಯುತ್ತಿರುವ ಓಟ ಅದು. ಬೆಟ್ಟ ಹತ್ತಿ ಇಳಿದು 160 ಕಿಲೋಮೀಟರ್, 24 ಗಂಟೆಯೊಳಗೆ. ಹೊರಟವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮಾತ್ರ ಮುಗಿಸುತ್ತಾರೆ. ಗೆದ್ದವರಿಗೂ ಕೊನೆಯವರಿಗೂ ಒಂದೇ ಬೆಳ್ಳಿಯ ಬಕಲ್. ಅಜ್ಜಿಯ ಸೊಂಟದಲ್ಲಿ ಅದಿತ್ತು. ಯಾಕೆ ಅಜ್ಜಿ ಮರ ಬಿಟ್ಟಿರಿ ಅಂತ ಕೇಳಿದೆ.

"ಎತ್ತೋಕೆ ಆಗಲ್ಲಪ್ಪ" ಅಂದರು. "ಹಳೇ ಜೀನು ಹದಿನೆಂಟು ಕೆಜಿ ಇತ್ತು. ಕುದುರೆ ನನಗಿಂತ ಎತ್ತರ. ಇದು ಐದು ಕೆಜಿ. ನನ್ನ ಸೊಂಟಕ್ಕೂ ಹಿತ."

ಮತ್ತೆ ಕುದುರೆಗೆ?

ಅಜ್ಜಿ ಜೀನು ಇಳಿಸಿದರು. ಎರಡು ಬೆರಳು ಕುದುರೆಯ ಬೆನ್ನಿನ ಉದ್ದಕ್ಕೂ ಒತ್ತುತ್ತಾ ಹೋದರು. ಓಟದ ನಡುವೆ ವೈದ್ಯರು ನೋಡುವುದೂ ಹೀಗೇ ಅಂತೆ. ನೋವಿದ್ದರೆ ಬೆನ್ನು ಕೆಳಗೆ ಕುಸಿಯುತ್ತೆ. ಈ ಕುದುರೆ ಕುಸಿಯಲಿಲ್ಲ, ಕಿವಿಯನ್ನೂ ಅಲುಗಿಸಲಿಲ್ಲ. "ದಿನಾ ಕೇಳ್ತೀನಿ" ಅಂದರು. "ಬೇಡ ಅಂದ ದಿನ ಇದನ್ನೂ ಮಾರಿಬಿಡ್ತೀನಿ." ಅವರ ಕುದುರೆಗೆ ಆ ಜೀನು ಸರಿಹೋಗಿತ್ತು. ಗಡ್ಡದವರ ಕುದುರೆಗೆ ಹೋಗಿರಲಿಲ್ಲ. ಮರ ಇತ್ತೋ ಇಲ್ಲವೋ ಅನ್ನುವುದು ಎರಡು ಕಡೆಯೂ ಮುಖ್ಯವೇ ಅಲ್ಲ ಅನ್ನಿಸಿತು. ಆದರೆ ಇದನ್ನು ಲಾಯದಲ್ಲಿ ಬಾಯಿಬಿಟ್ಟು ಹೇಳಿದರೆ ಎರಡೂ ಪಕ್ಷದವರು ಸೇರಿ ನನ್ನ ಕುರ್ಚಿ ಕಿತ್ತುಕೊಳ್ಳುತ್ತಾರೆ.

ಹೋದ ಶನಿವಾರ ಪಾಠ ಮುಗಿಸಿ ಕಾರು ಹತ್ತಿದ ಮಗಳು ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ನೀಲಿ ಬಣ್ಣದ, ಮೆತ್ತನೆಯ, ಮರವಿಲ್ಲದ ಜೀನು. ಬೆಲೆ ನೋಡಿ ನಾನು ಗಾಡಿ ಪಕ್ಕಕ್ಕೆ ನಿಲ್ಲಿಸಿದೆ.

"ಯಾಕಮ್ಮಾ ಇದು?"

ಅವಳ ದನಿ ಸ್ವಲ್ಪ ಇಳಿಯಿತು. ಕೈ ಎದೆಯ ಹತ್ತಿರ ಹೋಯಿತು.

"ನನಗಲ್ಲಪ್ಪ. ಕುದುರೆಗೋಸ್ಕರ."

"ಯಾವ ಕುದುರೆಗೆ ಪುಟ್ಟಿ? ನಮ್ಮ ಹತ್ತಿರ ಕುದುರೆ ಇಲ್ವಲ್ಲ?"

"ಅದನ್ನೇ ಹೇಳೋಣ ಅಂತಿದ್ದೆ" ಅಂದಳು.