ಮುಖದಲ್ಲಿ ಪ್ರತಿಭೆಯನ್ನು ಹುಡುಕುವವರಿಗೆ: ಹದಿನೇಳನೆಯ ಶತಮಾನದ ಡಚ್ ಭಾವಚಿತ್ರಗಳು

ಹದಿನೇಳನೆಯ ಶತಮಾನದ ಡಚ್ ಕವಿ, ಕಲಾವಿದರ ಭಾವಚಿತ್ರಗಳ ಮುಂದೆ ನಿಂತು ‘ಆ ಕಣ್ಣುಗಳಲ್ಲೇ ಪ್ರತಿಭೆ ಹೊಳೆಯುತ್ತಿದೆ’ ಎಂದು ಬೆರಗಾಗುವುದು ರೂಢಿಯಾಗಿಬಿಟ್ಟಿದೆ. ನನಗೆ ಈ ಬೆರಗಿನಲ್ಲಿ ನಂಬಿಕೆಯಿಲ್ಲ.

ಕಾನ್‌ಸ್ಟಾಂಟೈನ್ ಹೈಗೆನ್ಸ್ ಕವಿ. ಡಚ್ ಗಣರಾಜ್ಯದ ಆಡಳಿತ ಮುಖ್ಯಸ್ಥ (ಸ್ಟಾಡ್‌ಹೋಲ್ಡರ್) ಫ್ರೆಡೆರಿಕ್ ಹೆಂಡ್ರಿಕ್‌ನ ಕಾರ್ಯದರ್ಶಿ. ಬೆಳಕಿನ ತರಂಗ ಸಿದ್ಧಾಂತದಿಂದ ನಮಗೆಲ್ಲ ಪರಿಚಿತನಾದ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್‌ನ ತಂದೆ. 1628ರ ಸುಮಾರಿಗೆ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಯಾನ್ ಲೀವೆನ್ಸ್ ಎಂಬ ಚಿತ್ರಕಾರ ಇವನ ಭಾವಚಿತ್ರ ಬರೆಯಲೇಬೇಕೆಂದು ಹಟ ಹಿಡಿದು ಹೇಗ್ ನಗರದ ಇವನ ಮನೆಗೇ ಬಂದ. ಚಳಿಗಾಲದ ಹಗಲು ಚಿಕ್ಕದು, ಹೈಗೆನ್ಸ್‌ಗೆ ಬಿಡುವೂ ಕಡಿಮೆ. ಹಾಗಾಗಿ ಉಡುಪು ಮತ್ತು ಕೈಗಳನ್ನಷ್ಟೇ ಮುಗಿಸಿ, ಮುಖವನ್ನು ವಸಂತಕ್ಕೆಂದು ಉಳಿಸಿಕೊಂಡವನು ತಡೆಯಲಾರದೆ ಹೇಳಿದ ದಿನಕ್ಕಿಂತ ಬಹಳ ಮೊದಲೇ ಹಿಂತಿರುಗಿದ. ಚಿತ್ರ ಕಂಡವರು, ಈ ಚಿಂತಾಮಗ್ನ ಮುಖದಲ್ಲಿ ಹೈಗೆನ್ಸ್‌ನ ಲವಲವಿಕೆಯೇ ಮರೆಯಾಗಿದೆ ಎಂದರು. ಅದು ಚಿತ್ರಕಾರನ ತಪ್ಪಲ್ಲ, ಆಗ ಕುಟುಂಬದ ಗಂಭೀರ ವಿಷಯವೊಂದು ತನ್ನನ್ನು ಕಾಡುತ್ತಿತ್ತು, ಮುಚ್ಚಿಡಲು ಎಷ್ಟು ಯತ್ನಿಸಿದರೂ ಮುಖದಲ್ಲಿ ತೋರಿಬಿಟ್ಟಿತು ಎಂದು ಹೈಗೆನ್ಸ್ ತನ್ನ ಆತ್ಮಕಥನದಲ್ಲಿ ಬರೆದುಕೊಂಡಿದ್ದಾನೆ. ಕವಿಯ ಅಂತರ್ಮುಖತೆ ಎಂದು ನಾವು ಕೊಂಡಾಡಬಹುದಾದದ್ದು ಮನೆವಾರ್ತೆಯ ಚಿಂತೆ!

ರೆಂಬ್ರಾಂಟ್ 1641ರಲ್ಲಿ ಧರ್ಮಬೋಧಕ ಆನ್‌ಸ್ಲೊನನ್ನು ಚಿತ್ರಿಸಿದಾಗ, ಕಣ್ಣಿಗೆ ಕಾಣುವುದು ಅವನ ಅತ್ಯಲ್ಪ ಅಂಶ, ಅವನನ್ನು ನೋಡಬೇಕೆಂದರೆ ಕೇಳಬೇಕು ಎಂಬರ್ಥದ ಪದ್ಯವನ್ನು ಕವಿ ವೊಂಡೆಲ್ ಬರೆದ. ಮಾತಿನಿಂದಲೇ ಬದುಕುವವನ ವಿಷಯದಲ್ಲಿ ಇದು ನ್ಯಾಯವಾದ ಆಕ್ಷೇಪವೆಂದೇ ನನ್ನ ಭಾವನೆ.

ಹಾಗಾದರೆ ಈ ಚಿತ್ರಗಳು ಹೇಳುವುದೇನು? ಬಹುಮಟ್ಟಿಗೆ ಅಂತಸ್ತನ್ನು. ಹಾರ್ಲೆಮ್ ಪಟ್ಟಣದ ಚಿತ್ರಕಾರ್ತಿ ಯೂಡಿತ್ ಲೈಸ್ಟರ್ 1630ರ ಸುಮಾರಿಗೆ ಬರೆದುಕೊಂಡ ಸ್ವಚಿತ್ರದಲ್ಲಿ ಅಗಲವಾದ ಬಿಳಿ ಕೊರಳಪಟ್ಟಿ, ಕಸೂತಿಯಂಚಿನ ತೋಳುಗಳು, ಎಡಗೈಯಲ್ಲಿ ಕುಂಚಗಳ ಕಟ್ಟು. ಎಣ್ಣೆಬಣ್ಣ ಕಲಸುವ ಯಾರೂ ಇಂಥ ಉಡುಪಿನಲ್ಲಿ ಕೆಲಸಕ್ಕೆ ಕೂರುವುದಿಲ್ಲ. ಕುಶಲಕರ್ಮಿಯೂ ಹೌದು, ಮರ್ಯಾದಸ್ಥ ಮನೆತನದವಳೂ ಹೌದು ಎಂದು ತನ್ನ ಊರಿನ ಗ್ರಾಹಕರಿಗೆ ಆಕೆ ಸಾರುತ್ತಿದ್ದಾಳೆ. 1633ರ ಹೊತ್ತಿಗೆ ಚಿತ್ರಕಾರರ ಸಂಘದ ಸದಸ್ಯತ್ವವೂ ದೊರೆಯಿತು. ಇಷ್ಟಾಗಿಯೂ ಸತ್ತ ಮೇಲೆ ಆಕೆಯ ಹೆಸರು ಅಳಿಸಿಹೋಗಿ, ಈ ಸ್ವಚಿತ್ರವೂ ಬಹುಕಾಲ ಅದೇ ಊರಿನ ಹೆಸರಾಂತ ಚಿತ್ರಕಾರ ಫ್ರಾನ್ಸ್ ಹಾಲ್ಸ್‌ನ ಕೃತಿಯೆನಿಸಿಕೊಂಡಿತು. ಆಕೆಯನ್ನು ಮರಳಿ ಗುರುತಿಸಲು ನೆರವಾದದ್ದು ಮುಖವಲ್ಲ. ಬೇರೊಂದು ಚಿತ್ರದಲ್ಲಿ 1893ರಲ್ಲಿ ವಿದ್ವಾಂಸರೊಬ್ಬರು ಪತ್ತೆಹಚ್ಚಿದ, ನಕ್ಷತ್ರದೊಡನೆ ಹೆಣೆದ ಆಕೆಯ ಸಹಿ.